ಸೊಳ್ಳೆಯ ಗುಟ್ಟನ್ನು ಬಯಲಿಗೆಳೆದ ಸರ್ ರೊನಾಲ್ಡ್ ರಾಸ್

ಮಳೆಗಾಲ ಕಾಲಿಟ್ಟಿತೆಂದರೆ ದಾದರಿನ ಚಾಳುಗಳಲ್ಲಿ ಚಳಿಜ್ವರದ ಮಾತು ಏಳುತ್ತದೆ. ಈ ಜ್ವರಕ್ಕೆ ಸೊಳ್ಳೆಯೇ ಮೂಲವೆಂಬುದು ಇಂದು ಶಾಲೆಗೆ ಹೋಗುವ ಮಗುವಿಗೂ ತಿಳಿದ ಸಂಗತಿ. ಹಿಂದೆ ಹೀಗಿರಲಿಲ್ಲ. ಜೌಗು ನೆಲದ ಕೆಟ್ಟ ಗಾಳಿಯಿಂದ ಜ್ವರ ಬರುವುದೆಂದು ಜನ ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಹೆಸರಿಗೆ ಅರ್ಥವೂ ಅದೇ. ಈ ಅಜ್ಞಾನವನ್ನು ನೀಗಿದ ಮಹನೀಯರು ಸರ್ ರೊನಾಲ್ಡ್ ರಾಸ್.

ರಾಸ್ ಅವರು 1857ರ ಮೇ 13ರಂದು ಹಿಮಾಲಯದ ಅಲ್ಮೋಡಾದಲ್ಲಿ ಸೇನಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಇಂಗ್ಲೆಂಡಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1881ರಲ್ಲಿ ಭಾರತದ ವೈದ್ಯಕೀಯ ಸೇವೆಯನ್ನು ಸೇರಿದರು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಬಳಿಯಿದ್ದ ಪೀಪಾಯಿಯ ನೀರಿನಲ್ಲಿ ಮರಿಹುಳುಗಳು ಹೊರಳುತ್ತಿದ್ದುದನ್ನು ಕಂಡು ಆ ನೀರನ್ನು ಚೆಲ್ಲಿಸಿದರು; ಸೊಳ್ಳೆಗಳು ಕಡಿಮೆಯಾದವು. ಭೋಜನಗೃಹದಲ್ಲಿಯೂ ಹಾಗೆಯೇ ಮಾಡಬಹುದೆಂದು ಸೂಚಿಸಿದಾಗ, ಸೃಷ್ಟಿನಿಯಮವನ್ನು ಕೆಡಿಸಬಾರದೆಂದು ಅಲ್ಲಿಯ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ಗೆಲ್ಲುವುದಕ್ಕಿಂತ ಮನುಷ್ಯನ ಮನಸ್ಸನ್ನು ಗೆಲ್ಲುವುದು ಕಷ್ಟವೆಂಬ ಪಾಠ ಅವರಿಗೆ ಅಂದೇ ದೊರೆಯಿತು.

1894ರಲ್ಲಿ ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಅವರು ರೋಗಿಯ ರಕ್ತದಲ್ಲಿರುವ ಮಲೇರಿಯಾ ಜೀವಾಣುವನ್ನು ರಾಸ್ ಅವರಿಗೆ ತೋರಿಸಿದರು. 1895ರಲ್ಲಿ ಮುಂಬಯಿಯಲ್ಲಿ ಹಡಗಿನಿಂದಿಳಿದ ರಾಸ್, ಸುಂಕದ ಕಟ್ಟೆಯಿಂದ ತಮ್ಮ ಸಾಮಾನು ಬಿಡುಗಡೆಯಾಗುವ ಮೊದಲೇ ರೋಗಿಗಳನ್ನು ಅರಸಿ ಇಲ್ಲಿಯ ಆಸ್ಪತ್ರೆಗೆ ಹೋದರಂತೆ. ಮುಂದೆ ಸಿಕಂದರಾಬಾದಿನ ಸೆಕೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರು. ಹುಸೇನ್ ಖಾನ್ ಎಂಬ ರೋಗಿಗೆ, ಕಚ್ಚಿದ ಸೊಳ್ಳೆಗೊಂದು ಆಣೆಯಂತೆ ಕೊಡುತ್ತಿದ್ದರು. 1897ರ ಆಗಸ್ಟ್ 20ರಂದು ಆತನ ರಕ್ತ ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಜೀವಾಣುವಿನ ಕೋಶಗಳು ಕಂಡವು. ಮರುವರ್ಷ ಕಲಕತ್ತೆಯಲ್ಲಿ ಹಕ್ಕಿಗಳ ಮೇಲೆ ಪ್ರಯೋಗ ನಡೆಸಿ, ಸೊಳ್ಳೆಯ ಕಡಿತದಿಂದಲೇ ರೋಗ ಹರಡುವುದನ್ನು ಸಿದ್ಧಪಡಿಸಿದರು. 1902ರಲ್ಲಿ ನೊಬೆಲ್ ಪಾರಿತೋಷಕವು ಅವರನ್ನರಸಿ ಬಂದಿತು.

ಕೀರ್ತಿ ಬಂದಿತೆಂದು ರಾಸ್ ಸುಮ್ಮನಾಗಲಿಲ್ಲ. ನಿಂತ ನೀರನ್ನು ಹುಡುಕಿ ತೆಗೆಯುವ ಸೊಳ್ಳೆದಳಗಳನ್ನು ಕಟ್ಟಬೇಕೆಂದು ಗ್ರಂಥ ಬರೆದರು. 1907ರಲ್ಲಿ ಮಾರಿಷಸ್ ದ್ವೀಪಕ್ಕೆ ಹೋದಾಗ, ಮಕ್ಕಳ ಊದಿದ ಗುಲ್ಮವನ್ನು ಪರೀಕ್ಷಿಸಿ ಊರೂರಿನ ರೋಗದ ಪ್ರಮಾಣವನ್ನು ಅಳೆದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ಕಾಲವಶರಾದರು.

ಅವರ ಶೋಧದ ನಿಜವಾದ ಪರೀಕ್ಷೆ ನಡೆದದ್ದು ಮುಂಬಯಿಯಂತಹ ನಗರಗಳಲ್ಲಿ. 1911ರಲ್ಲಿ ಡಾ. ಬೆಂಟ್ಲಿ ಅವರ ವರದಿಯು ಇಲ್ಲಿಯ ಬಾವಿ, ತೊಟ್ಟಿಗಳೇ ಜ್ವರದ ಸೊಳ್ಳೆಯ ತವರೆಂದು ತೋರಿಸಿತು. ಬಾವಿಗಳನ್ನು ಮುಚ್ಚಹೊರಟಾಗ, ಅವನ್ನು ಪವಿತ್ರವೆಂದು ಪೂಜಿಸುತ್ತಿದ್ದ ಹಿಂದೂಗಳೂ ಪಾರಸಿಗಳೂ ವಿರೋಧಿಸಿದರು. ಕಾಯದೆಯು ಮನೆಯ ಬಾಗಿಲವರೆಗೆ ಬರಬಲ್ಲದು. ಒಳಗಿನ ಹಂಡೆಯವರೆಗೆ ಹೋಗಬಲ್ಲವಳು ಆ ಮನೆಯ ಮಗಳು. ಆದುದರಿಂದಲೇ ಶಾಲೆಯು ಈ ಹೋರಾಟದಲ್ಲಿ ಆಸ್ಪತ್ರೆಯಷ್ಟೇ ಮುಖ್ಯವಾದುದು. ರಾಷ್ಟ್ರೀಯ ಪಠ್ಯಕ್ರಮದ ಐದನೆಯ ತರಗತಿಯ ಪುಸ್ತಕದಲ್ಲಿ ರಾಸ್ ಅವರ ಶೋಧದ ಕಥೆಯು ಬಹುವರ್ಷ ಪಾಠವಾಗಿದ್ದುದು ಉಚಿತವೇ ಸರಿ.

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಮ್ಮೆ ಹಂಡೆ, ಪೀಪಾಯಿ, ಹೂದಾನಿಗಳನ್ನು ಬರಿದುಮಾಡಿ ಉಜ್ಜಿ ತೊಳೆದರೆ ಆ ಸಂತತಿ ಅಲ್ಲಿಗೇ ಮುಗಿಯಿತು. ನೀರಿನ ಗಾಜಿನಲ್ಲಿ ಹೊರಳುವ ಮರಿಹುಳುವನ್ನು ಗುರುಗಳು ಒಮ್ಮೆ ತೋರಿಸಿದರೆ ಸಾಕು, ಮಕ್ಕಳು ಮನೆಗೆ ಬಂದು ಮೂಲೆಮೂಲೆಯನ್ನು ಶೋಧಿಸುವರು. 2010ರಲ್ಲಿ ಈ ನಗರವು ಮಲೇರಿಯಾದಿಂದ ಬಹಳ ನೊಂದಿತು. ನಮ್ಮವರ ತವರಾದ ಮಂಗಳೂರೂ 1990ರ ದಶಕದಿಂದ ಆ ಪೀಡೆಯನ್ನು ಉಂಡಿದೆ. ಅಲ್ಲಿಗೂ ಇಲ್ಲಿಗೂ ಓಡಾಡುವ ನಾವು ಜ್ವರವನ್ನು ಹೊತ್ತೊಯ್ಯದೆ ಜ್ಞಾನವನ್ನು ಹೊತ್ತೊಯ್ಯುವುದು ಲೇಸು. ಬೆಂಗಳೂರಿನ ಪೀಪಾಯಿಯನ್ನು ಮಗುಚಿದ ತರುಣ ವೈದ್ಯನಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇಕಾಗಿಲ್ಲ.