ಮೇರಿ ಮೆಕ್ಲಿಯಾಡ್ ಬೆಥೂನ್

ಅಮೇರಿಕದ ದಕ್ಷಿಣ ಕೆರೊಲಿನಾ ಸಂಸ್ಥಾನದಲ್ಲಿ, ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ದಂಪತಿಗಳ 17 ಮಂದಿ ಮಕ್ಕಳಲ್ಲಿ 15ನೆಯವಳಾಗಿ ಮೇರಿಯು 1875ನೆಯ ಇಸವಿಯಲ್ಲಿ ಹುಟ್ಟಿದಳು. ಒಮ್ಮೆ ಬಿಳಿಯರ ಮನೆಯಲ್ಲಿ ಪುಸ್ತಕವೊಂದನ್ನು ಕೈಗೆತ್ತಿಕೊಂಡಾಗ, ಓದು ನಿನಗೆ ತಕ್ಕುದಲ್ಲವೆಂದು ಆ ಮನೆಯ ಹುಡುಗಿಯು ಅದನ್ನು ಕೆಳಗಿಡಿಸಿದಳು. ತನ್ನವರು ಹಿಂದುಳಿದುದಕ್ಕೆ ಅಕ್ಷರದ ಅಭಾವವೇ ಕಾರಣವೆಂದು ಅಂದೇ ಮೇರಿಗೆ ಮನದಟ್ಟಾಯಿತು.

ಸಮೀಪದಲ್ಲಿ ಮಿಶನ್ ಶಾಲೆಯು ತೆರೆದಾಗ, ಹತ್ತಿಯ ಹೊಲದ ಕೆಲಸದಿಂದ ಒಬ್ಬಳನ್ನು ಮಾತ್ರ ಬಿಡಿಸಲು ಸಾಧ್ಯವಿತ್ತು. ತಾಯಿತಂದೆಗಳು ಮೇರಿಯನ್ನು ಕಳುಹಿಸಿದರು. ದಿನವೂ ಮೈಲುಗಟ್ಟಲೆ ನಡೆದು ಕಲಿತುದನ್ನು ಆಕೆಯು ಸಂಜೆ ಮನೆಯವರಿಗೆ ಕಲಿಸುತ್ತಿದ್ದಳು.

ಮುಂದೆ ಆಫ್ರಿಕದಲ್ಲಿ ಸೇವೆ ಮಾಡಬೇಕೆಂದು ಬೇಡಿಕೊಂಡಾಗ, ಕರಿಯಳೆಂಬ ಕಾರಣದಿಂದ ಅವಕಾಶವು ದೊರೆಯಲಿಲ್ಲ. ಆದರೂ ಎದೆಗುಂದದೆ 1904ರಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ, ಕೈಯಲ್ಲಿದ್ದ ಒಂದೂವರೆ ಡಾಲರನ್ನು ನಂಬಿ, 5 ಮಂದಿ ಬಾಲಕಿಯರಿಗಾಗಿ ಶಾಲೆಯನ್ನು ತೆರೆದರು. ಹಳೆಯ ಪೆಟ್ಟಿಗೆಗಳೇ ಮೇಜುಗಳು. ಹಣ್ಣಿನ ರಸವೇ ಮಸಿ. ಸಿಹಿಗೆಣಸಿನ ತಿಂಡಿಯನ್ನು ಮಾರಿ ಹಣ ಕೂಡಿಸಿದರು. 1923ರಲ್ಲಿ ಆ ಶಾಲೆಯು ಮತ್ತೊಂದು ವಿದ್ಯಾಸಂಸ್ಥೆಯೊಡನೆ ಕೂಡಿ, ಕಾಲಕ್ರಮದಲ್ಲಿ ಕಾಲೇಜಾಗಿ ಬೆಳೆಯಿತು. 1955ರಲ್ಲಿ ಇವರು ದೈವಾಧೀನರಾದರು.

ಮನೆಗೆಲಸಕ್ಕೆಂದು ಮಗಳನ್ನು ಶಾಲೆಯಿಂದ ಬಿಡಿಸುವ ಯೋಚನೆ ಬಂದಾಗಲೆಲ್ಲ, ಹತ್ತಿಯ ಕೊಯ್ಲಿನ ನಡುವೆಯೂ ಒಂದು ಜೊತೆ ಕೈಗಳನ್ನು ಬಿಟ್ಟುಕೊಟ್ಟ ಆ ಬಡ ತಾಯಿತಂದೆಗಳನ್ನು ನಾವು ನೆನೆಯತಕ್ಕದ್ದು.