ಇಮಾಮ್ ಗಝಾಲಿಯವರ ನೋಟ್ಸ್

ಪ್ರಿಪರೇಟರಿ ಪರೀಕ್ಷೆಗೆ ನಾಲ್ಕು ದಿನ ಇರುವಾಗ ನನ್ನ ಕೆಮಿಸ್ಟ್ರಿ ನೋಟ್ಸ್ ಬಸ್ಸಿನಲ್ಲಿ ಕಳೆದುಹೋಯಿತು. ಅಳುತ್ತಾ ಕುಳಿತಿದ್ದ ನನಗೆ ಉಪ್ಪ ಇಮಾಮ್ ಗಝಾಲಿ(ರ)ಯವರ ಕಥೆ ಹೇಳಿದರು.

ಗಝಾಲಿ ಹುಟ್ಟಿದ್ದು 1058ರಲ್ಲಿ, ಇಂದಿನ ಇರಾನಿನ ತೂಸ್‌ನಲ್ಲಿ. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಊರಿಗೆ ಮರಳುವ ದಾರಿಯಲ್ಲಿ ದರೋಡೆಕೋರರು ಎಲ್ಲವನ್ನೂ ಕಿತ್ತುಕೊಂಡರಂತೆ. ಅವರು ಬೆನ್ನು ಹತ್ತಿ ಕೇಳಿದ್ದು ಪಾಠದ ಟಿಪ್ಪಣಿಗಳನ್ನು ಮಾತ್ರ. ಕಾಗದ ಹೋದರೆ ಹೋಗಿಬಿಡುವ ವಿದ್ಯೆ ಎಂಥದ್ದು ಎಂದು ನಾಯಕ ನಕ್ಕು, ಹಿಂದಿರುಗಿಸಿದ. ಮುಂದಿನ ಮೂರು ವರ್ಷ ಗಝಾಲಿ ಅದಷ್ಟನ್ನೂ ಕಂಠಪಾಠ ಮಾಡಿದರು.

ಉಪ್ಪನ ಕಥೆ ಅಲ್ಲಿಗೆ ಮುಗಿಯಿತು. ಪರೀಕ್ಷೆಯ ನಂತರ ನಾನೇ ಅವರ ಬಗ್ಗೆ ಓದಿದಾಗ ತಿಳಿದದ್ದು, ಕಳ್ಳರು ಮುಟ್ಟಲಾರದ ಆ ವಿದ್ಯೆಯೂ ಅವರಿಗೆ ಸಾಲಲಿಲ್ಲ ಎಂಬುದು.

ಅವರು ಎಲ್ಲವನ್ನೂ ಸಂದೇಹಿಸಿದವರು. ನಕ್ಷತ್ರ ಕಣ್ಣಿಗೆ ನಾಣ್ಯದಷ್ಟು ಕಾಣುತ್ತದೆ, ಗಣಿತವೋ ಅದು ಭೂಮಿಗಿಂತ ದೊಡ್ಡದು ಎನ್ನುತ್ತದೆ. ಕಣ್ಣನ್ನು ಬುದ್ಧಿ ತಿದ್ದಿದಂತೆ ಬುದ್ಧಿಯನ್ನು ತಿದ್ದುವುದೂ ಒಂದಿದ್ದರೆ? ಸುಮಾರು ಎರಡು ತಿಂಗಳು ಈ ಪ್ರಶ್ನೆ ಕಾಡಿತು. ಬಿಡುಗಡೆಯಾದದ್ದು ವಾದದಿಂದಲ್ಲ, ಅಲ್ಲಾಹನು ಎದೆಯಲ್ಲಿ ಹಾಕಿದ ಬೆಳಕಿನಿಂದ ಎಂದು ಅವರು ಮುಂದೆ ಬರೆದರು.

1091ರಲ್ಲಿ ವಝೀರ್ ನಿಝಾಮುಲ್ ಮುಲ್ಕ್ ಅವರನ್ನು ಬಗ್ದಾದಿನ ನಿಝಾಮಿಯ್ಯ ಮದ್ರಸಕ್ಕೆ ನೇಮಿಸಿದರು. ಮುನ್ನೂರು ವಿದ್ಯಾರ್ಥಿಗಳು, ದೊಡ್ಡ ಹೆಸರು. ಸೂಫಿಗಳ ಗ್ರಂಥಗಳನ್ನು ಓದಿದಾಗ ಮಾತ್ರ ಅವರಿಗೆ ಒಂದು ಕೊರತೆ ಕಂಡಿತು. ಆರೋಗ್ಯದ ವ್ಯಾಖ್ಯೆ ಬಲ್ಲ ವೈದ್ಯ ಕಾಯಿಲೆ ಬಿದ್ದಾಗ ಆ ವ್ಯಾಖ್ಯೆ ಅವನ ಬಳಿಯೇ ಇರುತ್ತದೆ, ಆರೋಗ್ಯ ಇರುವುದಿಲ್ಲ. ಸವಿದು ತಿಳಿಯುವ ಅರಿವನ್ನು ಸೂಫಿಗಳು ‘ಝೌಕ್’ ಎನ್ನುತ್ತಾರೆ. ಅದು ತನ್ನಲ್ಲಿಲ್ಲ, ತಾನು ಪಾಠ ಹೇಳುವುದು ಕೀರ್ತಿಗಾಗಿ ಎಂದು ಅವರಿಗೆ ಅನ್ನಿಸಿತು. (ಇಷ್ಟು ದೊಡ್ಡ ಉಸ್ತಾದರು ಇದನ್ನು ಬರೆದಿಟ್ಟಿದ್ದಾರಲ್ಲ!)

ಬಿಟ್ಟು ಹೋಗಲೋ ಬೇಡವೋ ಎಂದು ಆರು ತಿಂಗಳು ತೊಳಲಾಡಿದರು. 1095ರಲ್ಲಿ ಪಾಠ ಮಾಡಲು ನಾಲಿಗೆಯೇ ಹೊರಳಲಿಲ್ಲ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ವೈದ್ಯರು ಕೈಚೆಲ್ಲಿದರು. ಕೊನೆಗೆ ಮಕ್ಕಳಿಗೆ ಬೇಕಾದಷ್ಟನ್ನು ಉಳಿಸಿ, ಮಿಕ್ಕಿದ್ದನ್ನು ಹಂಚಿ, ಮಕ್ಕಾಗೆ ಎಂದು ಹೇಳಿ ಹೊರಟು ದಮಾಸ್ಕಸ್ ಸೇರಿದರು. ಅಲ್ಲಿನ ಮಸೀದಿಯ ಮಿನಾರ ಹತ್ತಿ, ಬಾಗಿಲು ಮುಚ್ಚಿ, ದಿನವಿಡೀ ಒಬ್ಬರೇ ಕುಳಿತಿರುತ್ತಿದ್ದರು. ಮುಂದೆ ಜೆರುಸಲೇಮ್, ಮಕ್ಕಾ, ಮದೀನಾ.

ಇಷ್ಟಾದರೂ ಅವರು ಪುಸ್ತಕ ಬಿಡಲಿಲ್ಲ. ‘ಇಹ್ಯಾ ಉಲೂಮುದ್ದೀನ್’ ಬರೆದದ್ದು ಆ ಅಲೆದಾಟದ ವರ್ಷಗಳಲ್ಲೇ. ಅದರ 40 ಭಾಗಗಳಲ್ಲಿ ಮೊದಲನೆಯದು ಇಲ್ಮ್ ಕುರಿತು. 1106ರಲ್ಲಿ ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ನಿಂತರು. 1111ರಲ್ಲಿ ತೀರಿಕೊಳ್ಳುವ ಹೊತ್ತಿಗೆ ತೂಸ್‌ನ ಅವರ ಮನೆಯ ಪಕ್ಕದಲ್ಲಿ ಒಂದು ಮದ್ರಸವೂ ಇತ್ತು, ಸೂಫಿಗಳಿಗೊಂದು ಖಾನ್ಕಾಹ್ ಕೂಡ ಇತ್ತು.