ಮುರಿದ ಪಿಸ್ಟನ್‌ಗಳನ್ನು ಎಸೆಯದ ಬರ್ಟ್ ಮನ್ರೊ

ಮಕ್ಕಳೇ, ತುಮಕೂರು, ಗುಬ್ಬಿ ಅಥವಾ ಕುಣಿಗಲ್ ಪೇಟೆಯ ಬೈಕ್ ಗ್ಯಾರೇಜನ್ನು ನೀವು ನೋಡಿರುತ್ತೀರಿ. ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಒಂದೊಂದೇ ಭಾಗವನ್ನು ತೊಳೆದು, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುತ್ತಾರೆ. ಒಂದೇ ಬೈಕನ್ನು ಹೀಗೆ ಬಿಚ್ಚಿ ಜೋಡಿಸುತ್ತಲೇ 40ಕ್ಕೂ ಹೆಚ್ಚು ವರ್ಷ ಕಳೆದ ವ್ಯಕ್ತಿಯೊಬ್ಬರಿದ್ದರು. ಅವರೇ ನ್ಯೂಜಿಲೆಂಡಿನ ಬರ್ಟ್ ಮನ್ರೊ.

ಮನ್ರೊ ಹುಟ್ಟಿದ್ದು 1899ರ ಮಾರ್ಚ್ 25ರಂದು, ಇನ್ವರ್ಕಾರ್ಗಿಲ್ ಎಂಬ ಊರಿನಲ್ಲಿ. ಅವರದು ರೈತ ಕುಟುಂಬ. ಕುಣಿಗಲ್ಲಿನ ಕುದುರೆ ಫಾರಂ ಬಗ್ಗೆ ನೀವು ಕೇಳಿದ್ದೀರಲ್ಲವೆ? ಬಾಲಕ ಮನ್ರೊಗೂ ಕುದುರೆ ಎಂದರೆ ಪ್ರಾಣ. ತಂದೆ ಗದರಿದರೂ ಕೇಳದೆ, ಹೊಲದಲ್ಲಿದ್ದ ಅತಿ ವೇಗದ ಕುದುರೆಯನ್ನೇ ಏರಿ ಓಡಿಸುತ್ತಿದ್ದರು. ಮುಂದೆ ಆ ಆಸೆ ಬೈಕಿನತ್ತ ತಿರುಗಿತು.

1920ರಲ್ಲಿ ಅವರು 600 ಸಿಸಿಯ ಒಂದು ಬೈಕು ಕೊಂಡರು. ಅದರ ಹೆಸರು ಇಂಡಿಯನ್ ಸ್ಕೌಟ್! ಹೆಸರು ಕೇಳಿ ನಮ್ಮ ದೇಶದ್ದೆಂದು ಭಾವಿಸಬೇಡಿ, ಅದನ್ನು ತಯಾರಿಸಿದ್ದು ಅಮೆರಿಕದ ಕಂಪನಿ. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 88 ಕಿ.ಮೀ. ಮನ್ರೊಗೆ ಅಷ್ಟು ಸಾಲಲಿಲ್ಲ. ಹೊಸ ಬೈಕು ಕೊಳ್ಳುವ ಬದಲು ಇರುವುದನ್ನೇ ಸುಧಾರಿಸಲು ಹೊರಟರು.

ಎಂಜಿನ್ ಕೆಲಸ ಮಾಡುವುದು ಹೇಗೆ? ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಉರಿಯುತ್ತದೆ. ಬಿಸಿಯಾದ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ನೀವು ಸೈಕಲ್ ತುಳಿಯುವಾಗ ಮೊಣಕಾಲು ಮೇಲೆ ಕೆಳಗೆ ಆಡುತ್ತದೆ, ಪೆಡಲ್ ಮಾತ್ರ ದುಂಡಗೆ ತಿರುಗುತ್ತದೆ. ಇವೆರಡರ ನಡುವೆ ನಿಮ್ಮ ಕಾಲು ಮಾಡುವ ಕೆಲಸವನ್ನೇ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಮಾಡುತ್ತದೆ. ವೇಗ ಹೆಚ್ಚಿದಷ್ಟೂ ಈ ಭಾಗಗಳ ಮೇಲೆ ಬಿಸಿ ಮತ್ತು ಎಳೆತ ಹೆಚ್ಚುತ್ತವೆ. ಗಟ್ಟಿಯಿಲ್ಲದ ಭಾಗ ಮುರಿಯುತ್ತದೆ.

ಮನ್ರೊ ಹಗಲು ಬೈಕ್ ಮಾರಾಟದ ಕೆಲಸ ಮಾಡುತ್ತಿದ್ದರು, ರಾತ್ರಿ ತಮ್ಮ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ದುಬಾರಿ ಉಪಕರಣ ಕೊಳ್ಳಲು ಹಣವಿರಲಿಲ್ಲ. ಲೋಹ ಕರಗಿಸಿ ಹಳೆಯ ಡಬ್ಬಿಗಳಲ್ಲಿ ಎರಕ ಹೊಯ್ದು ಪಿಸ್ಟನ್ ಮಾಡಿಕೊಂಡರು. ಹಳೆಯ ಟ್ರ್ಯಾಕ್ಟರಿನ ಆಕ್ಸಲ್ಲಿನಿಂದ ಕನೆಕ್ಟಿಂಗ್ ರಾಡ್‌ಗಳನ್ನು ಕೈಯಿಂದಲೇ ಕಡೆದರು. ಚಕ್ರದ ಕಡ್ಡಿಯಿಂದ ಅಳತೆಯ ಸಾಧನ ಮಾಡಿಕೊಂಡರು. ಸಿಲಿಂಡರಿನ ಪಕ್ಕದಲ್ಲಿದ್ದ ವಾಲ್ವುಗಳನ್ನು ಮೇಲ್ಭಾಗಕ್ಕೆ ಬದಲಾಯಿಸಿದರು. ಇದರಿಂದ ಅನಿಲ ಒಳಗೆ ಬರುವ, ಹೊರಗೆ ಹೋಗುವ ದಾರಿ ಸುಗಮವಾಯಿತು.

ಎಷ್ಟೋ ಸಲ ಎಂಜಿನ್ ಒಡೆಯಿತು. ಎಷ್ಟೋ ಸಲ ಅವರು ಬಿದ್ದು ಗಾಯಗೊಂಡರು. ಆದರೆ ಸುಟ್ಟ ಪಿಸ್ಟನ್, ಮುರಿದ ರಾಡ್‌ಗಳನ್ನು ಗುಜರಿಗೆ ಹಾಕದೆ ಶೆಡ್ಡಿನ ಹಲಗೆಯ ಮೇಲೆ ಸಾಲಾಗಿ ಇಟ್ಟುಕೊಂಡರು. ಮುರಿದ ಭಾಗವೂ ಪಾಠ ಹೇಳುತ್ತದೆ. ಎಲ್ಲಿ ಬಿರುಕು ಬಿಟ್ಟಿತು? ಎಲ್ಲಿ ಕರಗಿತು? ಉತ್ತರ ಸಿಕ್ಕಿದರೆ ಮುಂದಿನ ಭಾಗವನ್ನು ಇನ್ನೂ ಗಟ್ಟಿಯಾಗಿ ಮಾಡಬಹುದು.

ಎಂಜಿನ್ ಬಲವಾದರೆ ಸಾಕೆ? ಸಾಲದು. ಆಕಾರ ಬದಲಿಸದೆ ವೇಗವನ್ನು ಮೂರು ಪಟ್ಟು ಮಾಡಿದರೆ ಗಾಳಿಯ ತಡೆ ಸುಮಾರು ಒಂಬತ್ತು ಪಟ್ಟಾಗುತ್ತದೆ! ಆದ್ದರಿಂದ ಮನ್ರೊ ಬೈಕಿಗೆ ಮೀನಿನಂತೆ ನೀಳವಾದ ಹೊದಿಕೆ ಮಾಡಿದರು.

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನವಿಲ್ ಎಂಬ ವಿಶಾಲವಾದ ಉಪ್ಪಿನ ಬಯಲಿದೆ. ವೇಗದ ದಾಖಲೆಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. ಮನ್ರೊ ತಮ್ಮ ಬೈಕನ್ನು ಅಲ್ಲಿಗೆ ಕೊಂಡೊಯ್ದು 1962ರಲ್ಲಿ ಮೊದಲ ದಾಖಲೆ ಮಾಡಿದರು. 1967ರಲ್ಲಿ, 68ನೆಯ ವಯಸ್ಸಿನಲ್ಲಿ, 1000 ಸಿಸಿ ಒಳಗಿನ ವರ್ಗದಲ್ಲಿ ಮತ್ತೆ ದಾಖಲೆ ಬರೆದರು. ಆ ಹೊತ್ತಿಗೆ ಅವರ ಎಂಜಿನ್ 950 ಸಿಸಿಗೆ ಬೆಳೆದಿತ್ತು, ಬೈಕಿಗೆ 47 ವರ್ಷವಾಗಿತ್ತು.

ಅಲ್ಲಿ ಒಂದು ನಿಯಮವಿದೆ. ಬೈಕು ಎರಡು ದಿಕ್ಕಿನಲ್ಲೂ ಓಡಬೇಕು, ಎರಡರ ಸರಾಸರಿಯೇ ದಾಖಲೆ. ಏಕೆ? ಬೆನ್ನ ಹಿಂದಿನ ಗಾಳಿ ವೇಗ ಹೆಚ್ಚಿಸುತ್ತದೆ, ಎದುರು ಗಾಳಿ ತಗ್ಗಿಸುತ್ತದೆ. ಹೀಗಾಗಿ ಒಂದೇ ಓಟವನ್ನು ನಂಬುವಂತಿಲ್ಲ. ಅಂದು ಗಂಟೆಗೆ 295.45 ಕಿ.ಮೀ. ಎಂದು ದಾಖಲಾಯಿತು. ಆದರೆ ಆ ಲೆಕ್ಕದಲ್ಲೇ ಒಂದು ತಪ್ಪಿತ್ತು. ಮನ್ರೊ 1978ರ ಜನವರಿ 6ರಂದು ತೀರಿಕೊಂಡರು. ಅವರ ಮಗ ಆ ತಪ್ಪನ್ನು ಕಂಡುಹಿಡಿದ ಮೇಲೆ, 2014ರಲ್ಲಿ ದಾಖಲೆಯನ್ನು 296.26 ಕಿ.ಮೀ. ಎಂದು ತಿದ್ದಲಾಯಿತು. ದಾಖಲೆಯ ಲೆಕ್ಕವನ್ನೂ ಮತ್ತೆ ಪರೀಕ್ಷಿಸಬೇಕು ಎಂಬುದನ್ನು ಗಮನಿಸಿದಿರಾ?

ಈ ವೇಗ ಎಷ್ಟೆಂದು ಊಹಿಸಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಅಷ್ಟು ದೂರಕ್ಕೆ ಹಳೆಯ 88 ಕಿ.ಮೀ. ವೇಗದಲ್ಲಿ ಸುಮಾರು 14 ನಿಮಿಷ ಬೇಕು. ಹೊಸ ವೇಗದಲ್ಲಿ 4 ನಿಮಿಷ ಸಾಕು! ಆದರೆ ಮನ್ರೊ ಈ ವೇಗ ತೋರಿದ್ದು ಜನಸಂಚಾರವಿಲ್ಲದ ಬಯಲಿನಲ್ಲಿ, ರಸ್ತೆಯಲ್ಲಲ್ಲ. 18 ವರ್ಷ ತುಂಬಿ, ಲೈಸೆನ್ಸ್ ಸಿಗುವವರೆಗೆ ನೀವು ಬೈಕ್ ಓಡಿಸುವಂತಿಲ್ಲ.

ಮಾಡಿ ನೋಡಿ: ಶಾಲೆಯ ಮೈದಾನದಲ್ಲಿ 50 ಮೀಟರ್ ಗುರುತು ಹಾಕಿ. ದೊಡ್ಡ ರಟ್ಟೊಂದನ್ನು ಎದೆಗೆ ಅಡ್ಡ ಹಿಡಿದು ಒಮ್ಮೆ ಹೋಗಿ, ಒಮ್ಮೆ ಬನ್ನಿ. ಸ್ವಲ್ಪ ದಣಿವಾರಿಸಿಕೊಂಡು, ಅದೇ ರಟ್ಟಿನ ಅಂಚು ಮುಂದಕ್ಕಿರುವಂತೆ ಹಿಡಿದು ಮತ್ತೆ ಓಡಿ. ಸ್ನೇಹಿತರು ಗಡಿಯಾರ ನೋಡಿ ಪ್ರತಿ ಓಟದ ಸಮಯ ಬರೆದುಕೊಳ್ಳಲಿ. ಸರಾಸರಿ ತೆಗೆಯಿರಿ. ಉತ್ತರ ನೀವು ಎಣಿಸಿದಂತೆ ಬರದಿದ್ದರೆ ಪುಟ ಹರಿಯಬೇಡಿ. ಅದು ಏಕೆ ಹಾಗಾಯಿತು ಎಂದು ಅದರ ಕೆಳಗೇ ಬರೆಯಿರಿ.